ಮಾಸ್ತರ ಕೆಂಪು ಮಾರಿ

ಮೊನ್ನೆ ಸೂಜಿ ಚುಚ್ಚೂಕಿಂತ ಮೊದಲ ನರ್ಸಬಾಯಿ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನಿ ಮೂಗಿಗೆ ಬಡದದ್ದ ತಡ, ಇಂಡಿ ಊರಾಗ ನನಗ ನಾಕನೇ ಇಯತ್ತೆ ಕಲಿಸಿದ ಮಾಸ್ತರು ನೆನಪಾದ್ರು... ಈ ವಾಸನಿ ಅವರನ್ನ ಊರು ಬಿಡಿಸ್ತು. ಬಿಡಿಸಿದಾಕಿ ನಾನ.

ನಮ್ಮ ಸೀಮಿ ಮುಂಬಯಿ ಸರಕಾರದಾಗಿದ್ದ ಕಾಲ ಅದು, ದಾರೂಬಂದಿ ಜೋರಿತ್ತು, ಕುಡಿಯೂದ ಗುನ್ನೆ. ಮಾಸ್ತರದು ನಮ್ಮ ಮಗ್ಗಲ ಮನಿ. ಅವರ ಮಾರಿ ಯಾವಾಗ್ಲೂ ಕೆಂಪು, ಕಣ್ಣು ಇನ್ನೂ ಕೆಂಪು. ಕಲಿಸೂವಾಗ ತಲಿ ಗಿರ್ರಂದು ಹಲಗಿ ಹಿಡಕೊಂಡು ನಿಂತುಬಿಡತಿದ್ರು. ಜಳಕಾ ಮಾಡಿದ್ರ ಮೈ ತುರಸತೈತಿ ಅಂತ ಜಳಕಾನ ತಪ್ಪಸತಿದ್ರು. ಓಣಿ ಮಂದಿಗೆ ಇಷ್ಟ ಸಾಕಾತು. ಕದ್ದು ಕುಡೀತಾನ ಅಂದ್ರು.

ಖರೇ ಸಂಗತಿ ಬ್ಯಾರೆ ಇತ್ತು. ಅವರ ಮೈಯಾಗ ರಕ್ತ ಬೇಕಾದದ್ದಕ್ಕಿಂತ ಹೆಚ್ಚು ಹುಟ್ಟಿ ಅಂಬಲಿ ಹಂಗ ದಪ್ಪ ಆಗತಿತ್ತು. ಎರಡು ತಿಂಗಳಿಗೊಮ್ಮೆ ರೈಲಿಗೆ ವಿಜಾಪುರಕ್ಕ ಹೋಗಿ, ದವಾಖಾನ್ಯಾಗ ಒಂದು ಬಾಟ್ಲಿ ರಕ್ತ ತೆಗಿಸಿಕೊಂಡು ಬರತಿದ್ರು. ಸೂಜಿ ಚುಚ್ಚಿದ ಜಾಗಾ ಕೀವು ಹಿಡೀಬಾರದಂತ ಸ್ಪಿರಿಟ್ ಹಚ್ಚಿಕೊಂಡ ಸಾಲಿಗೆ ಬರತಿದ್ರು. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮಾಸ್ತರು ಕುಡೀತಾರಂತ ಯಾರೋ ಅರ್ಜಿ ಹಾಕಿದ್ರು. ತಪಾಸಕ್ಕ ಬಂದ ಸಾಹೇಬ್ರು ನಮ್ಮನ್ನ ಕೇಳಿದ್ರು, "ನಿಮ್ಮ ಮಾಸ್ತರ ಮೈಗೆ ಏನರ ವಾಸನಿ ಬರತೈತೇನು?"

ಎಲ್ಲಾರೂ ತಲಿ ಕೆಳಗ ಹಾಕಿದ್ರು. ಶಾಣ್ಯಾಕಿ ನಾ ಎದ್ದು ನಿಂತೆ. "ಬರತೈತ್ರಿ. ದಾರು ವಾಸನಿ."

ದಾರು ಹೆಂಗ ನಾರತೈತಿ ಅಂತ ನನಗೆಲ್ಲಿ ಗೊತ್ತಿತ್ತು! ಓಣಿ ಹೆಣ್ಣಮಕ್ಕಳು ಆಡಿದ್ದನ್ನ ಗಿಳಿ ಹಂಗ ಒದರಿದೆ. ಸುಡಲಿ ನನ್ನ ಬಾಯಿ.

"ಏನ್ರಿ ಮಾಸ್ತರ, ಏನ ಹೇಳತೀರಿ?"

ಮಾಸ್ತರ ಕೈ ಅಂಗಿ ಕಿಸೆಕ್ಕ ಹೋತು. ಡಾಕ್ಟರು ಬರಕೊಟ್ಟ ಕಾಗದ ಅದರಾಗ ಇತ್ತಂತ, ನನಗ ಆಮ್ಯಾಲ ತಿಳೀತು. ಕೈ ಅಲ್ಲೇ ನಿಂತಿತು... ಆಮ್ಯಾಲ ಬರಿಗೈ ಕೆಳಗಿಳೀತು.

"ಏನೂ ಹೇಳೂದಿಲ್ರಿ ಸಾಹೇಬ್ರ."

ಯಾಕಂತ ಮುಂದ ಒಂದಿನ ಅವರ ಹೆಂಡತಿ ನಮ್ಮವ್ವನ ಹಂತೇಕ ಅತ್ತು ಹೇಳಿದ್ರು. ಆಗ ಬಸವನ ಬಾಗೇವಾಡಿಯ ಗಂಡಿನ ಮಂದಿ ಮಾಸ್ತರ ಮಗಳನ್ನ ಒಪ್ಪಿ ಹೋಗಿದ್ರು. ಅಪ್ಪ ಕುಡುಕ ಅಂದ್ರ ಬೀಗರು ನಾಕ ಮಾತ ಅಂದು ಸುಮ್ಮನಾಗ್ತಾರ. ಅಪ್ಪನ ರಕ್ತದಾಗ ಬ್ಯಾನಿ ಐತಿ ಅಂದ್ರ, ಆ ಮನಿತನದ ರಕ್ತಾನ ಕೆಟ್ಟೈತಿ ಅಂತ ಸಂಬಂಧ ಮುರೀತಾರ. "ಕುಡುಕ ಅನ್ನೂ ಹೆಸರು ನನ್ನ ಕೂಡ ಸಾಯತೈತಿ, ರಕ್ತದ ಹೆಸರು ಮಗಳ ಬೆನ್ನ ಹತ್ತತೈತಿ" ಅಂದಿದ್ರಂತ ಮಾಸ್ತರು.

ಮಾಸ್ತರನ್ನ ಮುದ್ದೇಬಿಹಾಳದ ಆಕಡೆ ಒಂದು ಹಳ್ಳಿಗೆ ವರ್ಗಾ ಮಾಡಿದ್ರು. ಸಾಮಾನು ಬಂಡಿಗೆ ಹೇರಿದ ದಿನ ನಾ ಅವ್ವನ ಹಿಂದ ಅಡಗಿದ್ದೆ. ಅಷ್ಟೊತ್ತಿಗೆ ನನಗ ದವಾಖಾನಿ ಸುದ್ದಿ ಇನ್ನೂ ತಿಳಿದಿರಲಿಲ್ಲ, ಆದ್ರೂ ಅಳು ಬರಾಕತ್ತಿತ್ತು. ಮಾಸ್ತರು ತಾವ ಬಂದು ತಲಿ ಮ್ಯಾಲ ಕೈ ಇಟ್ರು. "ಅಳಬ್ಯಾಡವ್ವ. ವಾಸನಿ ಬಂದದ್ದು ಖರೇನ. ನೀ ಸುಳ್ಳ ಹೇಳಿಲ್ಲ."

ಮಗಳ ಮದಿವಿ ಆತು. ಆ ಹಳ್ಳಿಗೆ ರೈಲಿಲ್ಲ, ಮಳಿಗಾಲದಾಗ ಹಾದೀನೂ ಇಲ್ಲ. ನಾಕೈದು ತಿಂಗಳು ರಕ್ತ ತೆಗಿಸೂದಾಗಲಿಲ್ಲ. ಒಂದಿನ ಮಕ್ಕಳ ಮುಂದ ಕುಸದ್ರು, ಲಕ್ವಾ ಹೊಡದು ಒಂದು ಮಗ್ಗಲು ಪೂರಾ ಬಿದ್ದುಹೋತು. ಎಂಟು ದಿನಕ್ಕ ತೀರಿಕೊಂಡ್ರು.

ಮೊನ್ನೆ ಡಾಕ್ಟರಿಗೆ ಇದನ್ನೆಲ್ಲಾ ಹೇಳಿ ಕೇಳಿದೆ. ಆಗ ಬರೇ ರಕ್ತ ಹೆಚ್ಚಾಗೂ ಬ್ಯಾನಿ ಅಂತಿದ್ರು, ಈಗ ಅದನ್ನ ರಕ್ತದ ಕ್ಯಾನ್ಸರದೊಳಗ ಎಣಸ್ತಾರ, ಭಾಳ ಸಾವಕಾಶ ಬೆಳಿಯೂವಂಥಾದ್ದು ಅಂದ್ರು. "ರಕ್ತ ತೆಗಿಸ್ತಾ ಇದ್ದಿದ್ರ ಭಾಳ ವರ್ಷ ಇರತಿದ್ರು ಅಜ್ಜಿ."

"ಮಕ್ಕಳಿಗೆ ಬರತೈತೇನ್ರಿ?"

"ಸಾಮಾನ್ಯ ಬರೂದಿಲ್ರಿ."

ನಾ ಎದ್ದು ಹೊರಗ ಬಂದು ಕಟ್ಟಿ ಮ್ಯಾಲ ಕುಂತೆ. ಈ ಒಂದು ಮಾತು ಮಾಸ್ತರಿಗೆ ಹೇಳಬೇಕಿತ್ತು... ಯಾರಿಗೆ ಹೇಳಲಿ ಈಗ?