ಹದಿನೇಳನೆಯ ಪುಟದಲ್ಲಿಲ್ಲದ ಹೆಸರು

ಹೋದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಇತಿಹಾಸ ಅಂತ ಮನೆಮನೆಗೂ ಹಂಚಿದ ಪುಸ್ತಕದ ಹದಿನೇಳನೆಯ ಪುಟದಲ್ಲಿ ಒಂದು ಸುಳ್ಳಿದೆ. ಬರೆದವಳು ನಾನು. ತಿಳಿಯದೆ ಬರೆದದ್ದಲ್ಲ — ಚೆನ್ನಾಗಿ ತಿಳಿದೇ, ಎರಡು ಸಲ ತಿದ್ದಿ, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ.

ಆ ಸಾಲು ಹೀಗಿದೆ: "ಬೀದಿಗೆಲ್ಲ ಒಂದೇ ನಲ್ಲಿ ಇದ್ದ ಕಾಲದಲ್ಲಿ ಕೊಡಗಳ ಸರದಿಯನ್ನು ಶಿಸ್ತಿಗೆ ತಂದು, ಜಗಳವಿಲ್ಲದೆ ಎಲ್ಲರಿಗೂ ನೀರು ಸಿಗುವಂತೆ ಮಾಡಿದವರು ಪುಟ್ಟಗೌರಮ್ಮನವರು." ಪುಟ್ಟಗೌರಮ್ಮ ನಮ್ಮ ವಠಾರದ ಯಜಮಾನಿ. ಇಲ್ಲಿ ರಾಗಿ ಹೊಲವಿದ್ದಾಗಿನಿಂದ ಇದ್ದ ಮನೆತನ ಅವರದು. ನಲ್ಲಿ ಅವರ ಮನೆಯ ಮುಂದೆ ಇತ್ತು, ಅಷ್ಟು ನಿಜ. ಸರದಿ ಕಾಯ್ದವಳು ನೀಲವ್ವ. ಆ ಹೆಸರು ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ.

ನಾನು ಸರೋಜ. ಪೀಣ್ಯದ ಒಂದು ಮೋಟಾರ್ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಾ ತಲೆ ಬೆಳ್ಳಗಾದವಳು. ಬಾಗಲಗುಂಟೆಯ ಪಕ್ಕದ ಈ ಬೀದಿಗೆ ಮದುವೆಯಾಗಿ ಬಂದಾಗ ಇದಕ್ಕೆ ಹೆಸರೇ ಇರಲಿಲ್ಲ. ಹಳಬಳು, ನಾಲ್ಕಕ್ಷರ ಬರೆಯುತ್ತೇನೆ ಅಂತ ಬಡಾವಣೆಯ ಸಂಘದವರು ಪುಸ್ತಕವನ್ನು ನನ್ನ ತಲೆಗೆ ಕಟ್ಟಿದರು. ಸುಮ್ಮನೆ ಹೇಳಬಾರದು, ಖುಷಿಯಿಂದಲೇ ಬರೆದೆ. ಅರ್ಧ ಬೀದಿಗೆ ಲೇತ್ ಕೆಲಸ ಕಲಿಸಿದ ತಮಿಳಿನ ಸೆಲ್ವಮಣಿ ಮೇಸ್ತ್ರಿಯ ಬಗ್ಗೆ ಬರೆದೆ. ಯಾವ ಮನೆಯಲ್ಲಿ ಹೆರಿಗೆಯಾದರೂ ಮೊದಲು ಬಂದು ನಿಲ್ಲುತ್ತಿದ್ದ ಗೌಸಿಯಾ ಬೀ ಬಗ್ಗೆ ಬರೆದೆ. ತೆಲುಗಿನಲ್ಲೇ ಬೈದು, ಕನ್ನಡದಲ್ಲಿ ಊಟಕ್ಕೆ ಕರೆಯುತ್ತಿದ್ದ ಪೆಂಚಲಮ್ಮನ ಬಗ್ಗೆ ಎರಡು ಪುಟ ಬರೆದೆ. ನಲ್ಲಿಯ ವಿಷಯ ಬಂದಾಗ ಪೆನ್ನು ನಿಂತಿತು — ಯಾಕೆಂದರೆ ನೀಲವ್ವನ ಬಗ್ಗೆ ಬರೆದರೆ ಅವಳು ಯಾಕೆ ಹೋದಳು ಅಂತಲೂ ಬರೆಯಬೇಕಿತ್ತು.

ಅದನ್ನು ಈಗ ಬರೆಯುತ್ತೇನೆ.

ನೀರು ದಿನ ಬಿಟ್ಟು ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ ಬರುತ್ತಿತ್ತು. ನಮಗೆ ಆರು ಗಂಟೆಗೇ ಫಸ್ಟ್ ಶಿಫ್ಟ್. ಹೋಗುವಾಗ ಕೊಡಗಳನ್ನು ಸಾಲಿನಲ್ಲಿಟ್ಟು ಹೋಗುತ್ತಿದ್ದೆವು. ಕೊಡ ಇದ್ದರೆ ಆಳು ಇದ್ದ ಹಾಗೆ, ಅದು ಬೀದಿಯ ನಿಯಮ. ಆದರೆ ಕೊಡ ತಾನಾಗಿ ತುಂಬಿಕೊಂಡು ಮನೆಗೆ ಬರುವುದಿಲ್ಲವಲ್ಲ. ನೀರಿಗಾಗಿ ರಜೆ ಹಾಕಿ ಹಾಕಿ ಎಷ್ಟೋ ಹೆಂಗಸರು ಕೆಲಸ ಬಿಡುವ ಹಂತಕ್ಕೆ ಬಂದಿದ್ದರು. ಆಗ ವಠಾರದ ಕೊನೆಯ ಕೋಣೆಗೆ ಯಾದಗಿರಿ ಕಡೆಯಿಂದ ಗಾರೆ ಕೆಲಸದವನೊಬ್ಬ ಬಂದ. ಅವನ ಹೆಂಡತಿ ನೀಲವ್ವ, ಕಂಕುಳಲ್ಲಿ ಒಂದು ಹೆಣ್ಣುಮಗು. ಒಂದು ಬೆಳಿಗ್ಗೆ ನಾನು ನಲ್ಲಿಯ ಮುಂದೆ ಪೇಚಾಡುತ್ತಾ ನಿಂತಿದ್ದಾಗ ಅವಳೇ ಬಂದು ಹೇಳಿದಳು: "ನೀವು ಹೋಗ್ರಿ ಅಕ್ಕಾರ, ಪಾಳಿ ಬಂದಾಗ ನಾ ತುಂಬಸ್ತೀನಿ."

ಮಧ್ಯಾಹ್ನ ಬಂದು ನೋಡಿದರೆ ನನ್ನ ಎರಡು ಕೊಡಗಳೂ ತುಂಬಿ ಹೊಸಿಲ ಪಕ್ಕದಲ್ಲಿದ್ದವು, ಮೇಲೆ ತಟ್ಟೆ ಮುಚ್ಚಿ. ಆಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ಒಂಬತ್ತು ಮನೆಯ ಕೊಡಗಳು ಅವಳ ಪಾಲಿಗೆ ಬಂದವು. ಎಲ್ಲ ಪ್ಲಾಸ್ಟಿಕ್ ಕೊಡಗಳೂ ಒಂದೇ ಥರ ಕಾಣುತ್ತಿದ್ದವು. ಅವಳಿಗೆ ಓದು ಬಾರದು. ನಾನು ಕಾರ್ಖಾನೆಯಿಂದ ಸ್ಲೀವ್ ಚೂರುಗಳನ್ನು ತಂದುಕೊಟ್ಟೆ — ಕಾಯಿಲ್‌ನ ವೈರಿನ ತುದಿಗೆ ತೊಡಿಸುವ ಬಣ್ಣದ ಕೊಳವೆ ಅದು. ಕೊಡದ ಕತ್ತಿಗೆ ಕಟ್ಟಿದೆವು. ಕೆಂಪು ನನ್ನದು, ಹಳದಿ ಪೆಂಚಲಮ್ಮನದು, ನೀಲಿ ಗೌಸಿಯಾ ಬೀಯದು. ಉಳಿದವರಿಗೆ ಎರಡೆರಡು ಬಣ್ಣ ಸೇರಿಸಿದೆವು. ಒಂದು ದಿನವೂ ಯಾರ ನೀರೂ ಅದಲು ಬದಲಾಗಲಿಲ್ಲ. ಒಂಬತ್ತು ಹೆಂಗಸರು ನಿಶ್ಚಿಂತೆಯಿಂದ ದುಡಿದೆವು. ಈ ಬೀದಿಯಲ್ಲಿ ಗಣ್ಯರು ಅಂತ ಯಾರಾದರೂ ಇದ್ದರೆ ಅವಳೇ ಅಂತ ನನಗೆ ಆಗಲೂ ಗೊತ್ತಿತ್ತು.

ಸ್ಲೀವ್ ಬೇಡದ ಕೊಡ ಒಂದಿತ್ತು. ಪುಟ್ಟಗೌರಮ್ಮನ ಹಿತ್ತಾಳೆ ಕೊಡ. ಅದನ್ನು ನೀಲವ್ವ ಮುಟ್ಟುವಂತಿರಲಿಲ್ಲ. ಕೋಣೆ ಕೊಡುವ ದಿನವೇ ಅವಳ ಜಾತಿ ಕೇಳಿ ತಿಳಿದುಕೊಂಡಿದ್ದರು. ಬಾಡಿಗೆಗೆ ಕೊನೆಯ ಕೋಣೆ ಕೊಟ್ಟರು, ಕೊಡದ ಮಾತು ಬೇರೆ. ಆ ಕೊಡದ ಸರದಿ ಬಂದಾಗ ನೀಲವ್ವ ನಲ್ಲಿಯಿಂದ ನಾಲ್ಕು ಹೆಜ್ಜೆ ದೂರ ಸರಿದು ಕೂಗುತ್ತಿದ್ದಳು, "ಅಮ್ಮಾರ, ನಿಮ್ಮ ಪಾಳಿ ಬಂತ್ರೀ." ನಾವು ಒಂಬತ್ತು ಜನರೂ ಅವಳ ಕೈಯ ನೀರು ಕುಡಿಯುತ್ತಿದ್ದೆವು. ಆದರೆ ಇದೇನು ಅಂತ ಒಬ್ಬಳೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ದಿನ ನಾನು ರಜೆ ಹಾಕಿದ್ದೆ. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಹನ್ನೆರಡು ಜನ. ಹಿಂದಿನ ಸಂಜೆಯೇ ನೀಲವ್ವನಿಗೆ ಹೇಳಿದ್ದೆ, ಅತ್ತೆ ಹೇಗೆ ಹಾರಾಡುತ್ತಿದ್ದಾರೆ ಅಂತ ಹೇಳಿ ಇಬ್ಬರೂ ನಕ್ಕಿದ್ದೆವು. ಹತ್ತೂವರೆಯಾದರೂ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ನೀಲವ್ವ ತುಂಬಿದ ಕೊಡ ಹೊತ್ತು ಬೀದಿಯ ತುದಿಗೆ, ಗೌಸಿಯಾ ಬೀಯ ಮನೆಗೆ ಹೋಗಿದ್ದಳು. ನಲ್ಲಿಯ ಹತ್ತಿರ ನಾನೊಬ್ಬಳೇ. ಮುಂದಿನ ಸರದಿ ಹಿತ್ತಾಳೆ ಕೊಡದ್ದು, ಅದರ ಹಿಂದೆ ನನ್ನ ಎರಡು ಕೊಡ.

ನಾನು ಹಿತ್ತಾಳೆ ಕೊಡವನ್ನು ಹಿಂದಕ್ಕೆ ಸರಿಸಿದೆ. ನನ್ನೆರಡನ್ನೂ ತುಂಬಿಸಿಕೊಂಡೆ. ಹಿತ್ತಾಳೆ ಕೊಡ ಇಟ್ಟು ಅದು ಅರ್ಧವಾಗುವಷ್ಟರಲ್ಲಿ ನೀರು ನಿಂತುಹೋಯಿತು.

ಪುಟ್ಟಗೌರಮ್ಮ ಹೊರಗೆ ಬಂದರು. "ಸರ್ದೀಲಿ ನನ್ ಕೊಡ ಮುಂದಿತ್ತಲ್ಲೇ. ಇಂದಕ್ಕೆ ಇಕ್ಕಿದ್ಯಾರು? ಯಾರೇ ಮುಟ್ದೋರು?"

ನಾನು ಮುಟ್ಟಿದೆ ಅಂದಿದ್ದರೆ ಎರಡು ಬೈಗುಳ ಬೀಳುತ್ತಿತ್ತು. ಸಂಜೆಗೆ ಅವರೇ ಮರೆಯುತ್ತಿದ್ದರು. ನನ್ನ ಕೈ ತಾಕಿದರೆ ಆ ಕೊಡಕ್ಕೆ ಏನೂ ಆಗುತ್ತಿರಲಿಲ್ಲ — ಅದು ನನಗೆ ಗೊತ್ತಿತ್ತು. ಇನ್ನೊಬ್ಬಳ ಹೆಸರು ಹೇಳಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಗೊತ್ತಿದ್ದೂ...

"ನೀಲವ್ವ ಸರಿಸಿರ್ಬೇಕು," ಅಂದೆ.

ಅಷ್ಟರಲ್ಲಿ ಅವಳು ಖಾಲಿ ಕೈಯಲ್ಲಿ ಹಿಂದಿರುಗಿ ಬಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಕೇಳಿಸಿಕೊಂಡಳು. ಹಿತ್ತಾಳೆ ಕೊಡ ನೋಡಿದಳು, ಕೆಂಪು ಸ್ಲೀವಿನ ನನ್ನ ಎರಡು ತುಂಬಿದ ಕೊಡಗಳನ್ನು ನೋಡಿದಳು, ಆಮೇಲೆ ನನ್ನ ಮುಖ. "ತಪ್ಪಾತ್ರಿ ಅಮ್ಮಾರ," ಅಂದಳು ಪುಟ್ಟಗೌರಮ್ಮನಿಗೆ. ಆಗಲೂ ನಾನು ಬಾಯಿ ಬಿಡಬಹುದಿತ್ತು. ನನ್ನ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಯೊಳಗೆ ಹೋದೆ.

ಪುಟ್ಟಗೌರಮ್ಮ ಹಿತ್ತಾಳೆ ಕೊಡವನ್ನು ಬೀದಿಯಲ್ಲಿಟ್ಟು ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ಬೆಳಗಿದರು. ಆ ಸದ್ದು ನಮ್ಮ ಮನೆಯೊಳಗೆ ಬಂದವರಿಗೂ ಕೇಳುತ್ತಿತ್ತು. ನಾನು ಕಾಫಿ ಕೊಡುತ್ತಿದ್ದೆ. ಶನಿವಾರದೊಳಗೆ ಕೋಣೆ ಖಾಲಿ ಮಾಡಲು ನೀಲವ್ವನಿಗೆ ಹೇಳಿದರು. ಶುಕ್ರವಾರ ನಾನು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಕೋಣೆಗೆ ಬೀಗ ಬಿದ್ದಿತ್ತು. ನೀಲವ್ವ ಎಲ್ಲಿ ಅಂತ ಪೆಂಚಲಮ್ಮ ಕೇಳಿದಾಗ, ಊರಿಗೆ ಹೋದಳಂತೆ ಅಂದೆ. ಆಮೇಲೆ ಸರದಿ ನಡೆಯಲಿಲ್ಲ. ಆರು ತಿಂಗಳಲ್ಲಿ ಪೆಂಚಲಮ್ಮನೂ ಇನ್ನಿಬ್ಬರೂ ಕೆಲಸ ಬಿಟ್ಟರು. ಅದಕ್ಕೂ ನಾನೇ ಕಾರಣ, ಅವರಿಗೆ ಇಂದಿನವರೆಗೂ ಗೊತ್ತಿಲ್ಲ.

ಪುಟ್ಟಗೌರಮ್ಮ ಈಗಿಲ್ಲ. ಅವರ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳುವುದು ಸುಲಭ. ಅವರು ಇದ್ದದ್ದು ಹಾಗೆ, ಮುಚ್ಚುಮರೆ ಇರಲಿಲ್ಲ. ನಾನು ಹಾಗಿರಲಿಲ್ಲ. ನಾನು ನೀಲವ್ವನ ಗೆಳತಿ ಅಂದುಕೊಂಡಿದ್ದವಳು.

ಪುಸ್ತಕ ಬಿಡುಗಡೆಯ ದಿನ ಮೂವತ್ತು ದಾಟಿದ ಹೆಂಗಸೊಬ್ಬಳು ಪ್ರತಿ ಹಿಡಿದು ನನ್ನ ಹತ್ತಿರ ಬಂದಳು. ಇಲ್ಲೇ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅಂತೆ. "ಆಂಟಿ, ನಾನು ಮಾದೇವಿ. ನೀಲವ್ವನ ಮಗ್ಳು. ಚಿಕ್ಕೋಳಿದ್ದಾಗ ಇಲ್ಲೇ ಇದ್ವಿ. ನಲ್ಲಿ ಕತೆ ಅವ್ವ ಯಾವಾಗ್ಲೂ ಹೇಳ್ತಿರ್ತಾಳೆ. ಇದ್ರಲ್ಲಿ ಅವ್ವನ ಹೆಸ್ರೇ ಇಲ್ವಲ್ಲ?"

"ಪುಟ ಸಾಲ್ಲಿಲ್ಲ ಕಣಮ್ಮ," ಅಂದೆ.

ಅವಳು ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಅದರ ಕೊನೆಯಲ್ಲಿ, ಟಿಪ್ಪಣಿಗೆ ಅಂತ, ಎರಡು ಪುಟ ಖಾಲಿ ಬಿಟ್ಟಿದ್ದೆವು. ಅವಳು ಅದನ್ನು ನೋಡಿದ್ದಳು. ನಾನು ಎರಡನೆಯ ಸಲ ಅದೇ ಕೆಲಸ ಮಾಡಿದ್ದೆ, ಅದೂ ಈ ವಯಸ್ಸಿನಲ್ಲಿ. ನಾಚಿಕೆಯಾಯಿತು, ಹಿಂದೆ ಎಂದೂ ಆಗಿರದಷ್ಟು ನಾಚಿಕೆ.

ಎರಡು ವಾರ ತಡೆದು ಮಾದೇವಿಯ ವಿಳಾಸ ಕೇಳಿ ಪಡೆದೆ. ಚಿಕ್ಕಬಾಣಾವರ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ನೀಲವ್ವ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಣ್ಣಗಾಗಿದ್ದಾಳೆ. ನಾನು ಕೂತುಕೊಳ್ಳದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೊಡ ಸರಿಸಿದ್ದು ನಾನು, ಹೆಸರು ಹೇಳಿದ್ದು ನಾನು, ಪುಸ್ತಕದಿಂದ ಬಿಟ್ಟದ್ದೂ ನಾನು. ಪಕ್ಕದಲ್ಲಿ ನಿಂತಿದ್ದ ಮಾದೇವಿಯ ಮುಖ ಕೆಂಪಗಾಯಿತು. ನೀಲವ್ವನ ಕೈ ನಿಲ್ಲಲಿಲ್ಲ, ಕಾಯಿ ಸುಲಿಯುತ್ತಲೇ ಇದ್ದಳು.

"ಗೊತ್ತೈತ್ರಿ," ಅಂದಳು. ಆಮೇಲೆ, ನಿನ್ನೆಯ ಮಾತು ಕೇಳುವವಳ ಹಾಗೆ ಕೇಳಿದಳು: "ಅವತ್ತ ನಿಮ್ಮ ಮನಿಗೆ ಮಂದಿ ಬರೋರಿದ್ರಲ್ಲ ಅಕ್ಕಾರ — ನೀರು ಸಾಕಾದ್ವಾ?"

ಕ್ಷಮಿಸು ಅಂತ ಕೇಳಲು ಹೋದವಳು ನಾನು. ಕೇಳಲಿಲ್ಲ, ಇನ್ನು ಮುಂದೆಯೂ ಕೇಳುವುದಿಲ್ಲ. ಈ ಬರಹವನ್ನು ನಾನೇ ಅಚ್ಚು ಹಾಕಿಸಿದ್ದೇನೆ. ಪ್ರತಿ ಮನೆಗೂ ಹೋಗಿ, ಪುಸ್ತಕದ ಕೊನೆಯ ಎರಡು ಖಾಲಿ ಪುಟಗಳಲ್ಲಿ ನನ್ನ ಕೈಯಿಂದಲೇ ಅಂಟಿಸುತ್ತಿದ್ದೇನೆ. ನಿಮ್ಮ ಮನೆಗೆ ಬಂದಾಗ ದಯವಿಟ್ಟು ಪುಸ್ತಕ ತೆಗೆದುಕೊಡಿ. ನೀಲವ್ವ ಕೇಳಿದ್ದಕ್ಕೆ ಅವಳ ಮುಂದೆ ಹೇಳಿದ ಉತ್ತರವನ್ನೂ ಇದರಲ್ಲಿ ಸೇರಿಸಿದ್ದೇನೆ.

ಸಾಕಾಗಿತ್ತು ನೀಲವ್ವ. ಬಂದವರು ಕಾಫಿ ಕುಡಿದು ಬೇಗ ಹೊರಟುಹೋದರು. ಸಂಜೆ ನೋಡಿದರೆ ಒಂದು ಕೊಡ ಹಾಗೆಯೇ ಉಳಿದಿತ್ತು.