ಕಾದು ಗೆದ್ದವರು

ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಹೇಳಿಕೊಟ್ಟವಳು ನಾನು. ಈರುಳ್ಳಿ ಹೆಚ್ಚುವ ಚಾಕುವಿಗಿಂತ ದೊಡ್ಡ ಆಯುಧ ಹಿಡಿದವಳಲ್ಲ. ಆದರೂ ನಾನು ಗೆಲ್ಲಿಸಿದಷ್ಟು ಯುದ್ಧಗಳನ್ನು ಯಾವ ಸೇನಾಪತಿಯೂ ಗೆಲ್ಲಿಸಿರಲಾರ. ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಬೋರ್ಡಿನ ಮೇಲೆ ಬರೆದರೆ ಸಾಕು, ಎಂಥ ಮಹಾಯುದ್ಧವೂ ಬೆಲ್ ಹೊಡೆಯುವುದರೊಳಗೆ ಮುಗಿಯುತ್ತಿತ್ತು.

ಸೇನಾಪತಿಗಳ ಬಗ್ಗೆ ಮಾತ್ರ ನನಗೆ ಅಂಥ ಗೌರವವಿರಲಿಲ್ಲ. ರಷ್ಯಾದ ಚಳಿಗಾಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊರಟು, ಹುಡುಗರನ್ನು ಹಿಮದಲ್ಲಿ ಬಿಟ್ಟುಬಂದವರ ಪಾಠ ಮಾಡಿ ಮಾಡಿ, ತಪ್ಪು ಮಾಡುವವರು ಡೇರೆಯಲ್ಲಿ ಕೂತವರು, ಅದರ ಬೆಲೆ ತೆರುವವರು ಸಿಪಾಯಿಗಳು ಎಂಬ ತೀರ್ಮಾನಕ್ಕೆ ಬಂದಿದ್ದೆ. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಅದನ್ನೇ ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ಪಕ್ಕದಲ್ಲೇ ಮರಿಗೌಡರು ಕೂತಿದ್ದರು.

ಮರಿಗೌಡರು ನಮ್ಮ ಹಿಂದಿನ ಕ್ರಾಸಿನವರು, ನಿವೃತ್ತ ಸುಬೇದಾರರು. ಸೈನ್ಯದಲ್ಲಿ ಸೇತುವೆ ಕಟ್ಟುವ ದಳದಲ್ಲಿದ್ದವರು. ಎಪ್ಪತ್ತೈದು ದಾಟಿದ್ದರೂ, ಮಳೆ ಬಂದು ಕ್ರಾಸು ಕೆರೆಯಾದರೆ ಮೊದಲು ಕಲ್ಲುಚಪ್ಪಡಿ ಹುಡುಕಿ ತರುವವರು ಅವರೇ.

"ಮೇಡಂ, ಬೇಜಾರ್ ಮಾಡ್ಕೋಬೇಡಿ," ಎಂದರು. "ಎಪ್ಪತ್ತೊಂದರ ಬಾಂಗ್ಲಾ ಯುದ್ಧ ಮಕ್ಕಳಿಗೆ ಹೆಂಗ್ ಹೇಳ್ಕೊಡ್ತಿದ್ರಿ?"

ಒಪ್ಪಿಸಿದೆ. ದಿಲ್ಲಿಯವರು ಏಪ್ರಿಲ್‌ನಲ್ಲೇ ಹೊರಡಿ ಎಂದರು, ಸೇನೆಯ ಮುಖ್ಯಸ್ಥರು ಚಳಿಗಾಲದವರೆಗೆ ಕಾಯೋಣ ಎಂದರು, ಡಿಸೆಂಬರ್‌ನಲ್ಲಿ ಹದಿಮೂರು ದಿನಕ್ಕೆ ಗೆದ್ದೆವು.

"ಕಾಯೋಣ ಅಂದ್ರು ಅಂತ ಒಂದೇ ಲೈನಾ? ಆ ಒಂದ್ ಲೈನ್ ಒಳಗೆ ನಾವು ಎಂಟ್ ತಿಂಗ್ಳು ಇದ್ವಿ ಮೇಡಂ!"

ಅವರಿಗಾಗ ಇಪ್ಪತ್ತೊಂದು ವರ್ಷ. ಗಡಿಯಾಚೆಯಿಂದ ಜನ ಮಕ್ಕಳನ್ನೆತ್ತಿಕೊಂಡು, ಪಾತ್ರೆ ಹೊತ್ತುಕೊಂಡು ಸಾಲುಗಟ್ಟಿ ಓಡಿ ಬರುತ್ತಿದ್ದರು. ಅದನ್ನು ನೋಡಿಕೊಂಡು ಇವರು ಸೇತುವೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಅರಸೀಕೆರೆ ಕಡೆಯ ಗೆಳೆಯ ಶಿವಣ್ಣ ದಿನವೂ, "ನಮ್ ಜನರಲ್‌ಗೆ ಪುಕ್ಕಲು ಕಣೋ," ಎಂದು ಬೈಯುತ್ತಿದ್ದನಂತೆ. ಜೂನ್‌ನಲ್ಲಿ ಮಳೆ ಹಿಡಿಯಿತು. ರಸ್ತೆ, ಗದ್ದೆ, ನದಿ ಎಲ್ಲ ಒಂದೇ ನೀರಾಗಿ, ಆಚೆ ದಡವೇ ಕಾಣದಾಯಿತು. ಏಪ್ರಿಲ್‌ನಲ್ಲಿ ನುಗ್ಗಿದ್ದರೆ ತಾವೆಲ್ಲ ಅದರ ನಡುವೆ ಇರುತ್ತಿದ್ದೆವು ಎಂದು ಶಿವಣ್ಣನಿಗೂ ಹೊಳೆಯಿತು. ಬೈಗುಳ ನಿಂತಿತು.

ಹಳಗನ್ನಡದಲ್ಲಿ 'ಕಾದು' ಎಂದರೆ ಯುದ್ಧಮಾಡು. ಕಾದಾಟ ಬಂದದ್ದು ಅಲ್ಲಿಂದಲೇ. ಈಗ ನಾವು ಬಸ್‌ಸ್ಟಾಪಿನಲ್ಲಿ ಕಾದು ಕಾದು ಸುಸ್ತಾಗುತ್ತೇವೆ. ಇವೆರಡೂ ಬೇರೆ ಬೇರೆ ಮಾತು ಎನ್ನುತ್ತದೆ ವ್ಯಾಕರಣ. ಆ ಜನರಲ್ ಎರಡನ್ನೂ ಒಂದು ಮಾಡಿದ್ದರು.

ಡಿಸೆಂಬರ್‌ನಲ್ಲಿ ಹೊರಟರು. ಕೋಟೆಯಂತೆ ಭದ್ರಪಡಿಸಿದ್ದ ಒಂದು ಊರಿನ ಮುಂದೆ, ದಾರಿ ತೆರವು ಮಾಡುವಾಗ ನೆಲಬಾಂಬ್ ಸಿಡಿದು ಶಿವಣ್ಣನ ಎಡಗಾಲು ಹೋಯಿತು. ಅವನನ್ನು ಆಸ್ಪತ್ರೆಗೆ ಸಾಗಿಸಿ ಬಂದ ಮರಿಗೌಡರ ಮೈಯೆಲ್ಲ ಉರಿಯುತ್ತಿತ್ತು. ಆ ಊರಿಗೆ ನುಗ್ಗಬೇಕು, ಅಷ್ಟೇ. ಅಷ್ಟರಲ್ಲಿ ಆರ್ಡರ್ ಬಂತು: ಊರನ್ನು ಬಿಡಿ, ಬಳಸಿಕೊಂಡು ಮುಂದೆ ಹೋಗಿ.

"ಬಿಟ್ ಹೋಗೋದಾ? ನನ್ ಶಿವಣ್ಣನ ಕಾಲ್ ತೆಗ್ದಿರೋ ಊರು ಸಾಬ್ ಅದು!" ಎಂದು ಕ್ಯಾಪ್ಟನ್‌ನ ಮುಂದೆ ಕನ್ನಡದಲ್ಲೇ ಕೂಗಿದರಂತೆ. ಕನ್ನಡ ಬಾರದ ಕ್ಯಾಪ್ಟನ್‌ಗೆ ಕಣ್ಣೀರು ಅರ್ಥವಾಯಿತು. ನಕ್ಷೆ ಬಿಚ್ಚಿ, ಆ ಊರಿನ ಮೇಲೆ ಬೆರಳಿಟ್ಟು ತಲೆಯಾಡಿಸಿ, ಬೆರಳನ್ನು ಢಾಕಾದವರೆಗೆ ಎಳೆದು ತೋರಿಸಿದರು.

ಗದ್ದೆಗಳ ನಡುವೆ ಹಲ್ಲು ಕಚ್ಚಿಕೊಂಡು ನಡೆದರು. ಮುಂದೆ ಸಮುದ್ರದಂಥ ಮೇಘನಾ ನದಿ. ಅದರ ಮೇಲಿನ ಸೇತುವೆಯನ್ನು ಎದುರಾಳಿಗಳು ಉಡಾಯಿಸಿದ್ದರು. ಇನ್ನು ನಮ್ಮದೇ ಕೆಲಸ ಎಂದು ಇವರು ಅಂಗಿಯ ತೋಳು ಮಡಿಸಿದರೆ ಇನ್ನೊಬ್ಬ ಜನರಲ್‌ರ ಅಪ್ಪಣೆ: ಸೇತುವೆಗೆ ಕಾಯಬೇಡಿ! ತಲೆಯ ಮೇಲೆ ಹೆಲಿಕಾಪ್ಟರ್‌ಗಳು ಸೈನಿಕರನ್ನು ಆಚೆ ದಡಕ್ಕೆ ಇಳಿಸಿ ಮತ್ತೆ ಬರುತ್ತಿದ್ದವು. ಕೆಳಗೆ ಹಳ್ಳಿಯ ಬೆಸ್ತರು ತಮ್ಮ ದೋಣಿಗಳನ್ನೆಲ್ಲ ತಂದು ನಿಲ್ಲಿಸಿದರು. ಮರಿಗೌಡರ ತಂಡ ದೋಣಿಗಳನ್ನು ಜೋಡಿಸಿ ಕಟ್ಟಿ, ಹಲಗೆ ಹಾಸಿ ಮದ್ದುಗುಂಡು ಹೇರಿತು. ಹುಟ್ಟು ಹಾಕುತ್ತಿದ್ದ ಮುದುಕನೊಬ್ಬ ಹಾಡುತ್ತಿದ್ದನಂತೆ.

"ಒಂದಕ್ಷರ ತಿಳೀಲಿಲ್ಲ ಮೇಡಂ. ಆದ್ರೆ ಗೆಲ್ತೀವಿ ಅಂತ ಗೊತ್ತಾಗಿದ್ದು ಆವಾಗ್ಲೇ."

ಹದಿನಾರನೇ ತಾರೀಕು ಢಾಕಾ ಶರಣಾಯಿತು. ಬೀದಿಯಲ್ಲಿ ಹೆಂಗಸರು ಚೆಂಡುಹೂವು ಎರಚಿದರು. ಗಂಡಸರು ಈ ಕೆಸರುಮೈಯವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬಿಟ್ಟುಬಂದಿದ್ದ ಆ ಊರೂ ಗುಂಡು ಹಾರಿಸದೆ ಬಿಳಿ ಬಾವುಟ ಏರಿಸಿತ್ತು. ರಾಜಧಾನಿಯೇ ಹೋದ ಮೇಲೆ ಯಾರಿಗಾಗಿ ಕಾಯುವುದು?

ರಜೆ ಸಿಕ್ಕಿದ್ದೇ ತಡ, ಮರಿಗೌಡರು ಸುದ್ದಿ ಹೊತ್ತು ಗಡಿಯ ಈಚೆಗಿನ ಆಸ್ಪತ್ರೆಗೆ ಓಡಿದರು. ಆ ಊರಿನ ಮೇಲೆ ಸೇಡು ತೀರಿಸಲಿಲ್ಲ ಎಂದು ಗೆಳೆಯನಿಗೆ ಹೇಳುವುದು ಹೇಗೆಂಬ ಸಂಕೋಚ ಬೇರೆ. ಶಿವಣ್ಣ ರೇಡಿಯೋ ಕಿವಿಗಿಟ್ಟುಕೊಂಡು ಮಂಚದ ಮೇಲೇ ಒಂಟಿಕಾಲಲ್ಲಿ ನಿಂತು ಜೈಕಾರ ಹಾಕುತ್ತಿದ್ದ. ಇವರನ್ನು ಕಂಡವನೇ ತಬ್ಬಿಕೊಂಡು, "ಒಳಗ್ ನುಗ್ಲಿಲ್ವಲ್ಲ, ಒಳ್ಳೇದಾಯ್ತು ಕಣೋ. ನುಗ್ಗಿದ್ರೆ ಈ ವಾರ್ಡಲ್ಲಿ ನಿಂಗೆ ಮಂಚ ಎಲ್ಲಿತ್ತು?" ಎಂದನಂತೆ.

ಶಿವಣ್ಣ ಆಮೇಲೆ ತನ್ನೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟು, ಮೂವರು ಹೆಣ್ಣುಮಕ್ಕಳನ್ನು ಓದಿಸಿ, ಈಗಲೂ ಪ್ರತಿ ಡಿಸೆಂಬರ್‌ನಲ್ಲಿ ಫೋನ್ ಮಾಡಿ ಜೈಕಾರ ಹಾಕುತ್ತಾನಂತೆ. ಮೂವತ್ತೊಂದು ವರ್ಷ ಅಂಕಗಳಿಗಾಗಿ ಬರೆಸಿದ ಒಂದು ಸಾಲಿನೊಳಗೆ ಇಷ್ಟು ಜನ ಬದುಕಿ ಉಳಿದಿದ್ದಾರೆ ಎಂದು ನನಗೆ ತಿಳಿದಿರಲಿಲ್ಲ.

"ನೀವೇ ಜನರಲ್ ಆಗಿದ್ದಿದ್ರೆ ಕಾಯ್ತಿದ್ರಾ ಗೌಡ್ರೇ?" ಎಂದು ಕೇಳಿದೆ.

"ನಾನಾ?" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಪ್ರಿಲ್‌ನಲ್ಲೇ ಹೊರಟು ಜೂನ್‌ನಲ್ಲಿ ಎಲ್ರನ್ನೂ ಮುಳುಗ್ಸಿರ್ತಿದ್ದೆ. ದೇವ್ರು ಬುದ್ಧಿವಂತ ಮೇಡಂ, ನನ್ನ ಸಿಪಾಯಿ ಮಾಡ್ದ!"