ಮೈಕಮ್ಮನ ಒಂದು ದಿನದ ರಜೆ

ನಮ್ಮ ಊರಿನ ಕಡಲತೀರದಲ್ಲಿ ಮಕ್ಕಳು ಕಳೆದುಹೋಗುವುದು ದಿನಾ ಇದ್ದದ್ದೇ. ರಜೆಗೆ ಬಂದ ಅಪ್ಪ ಅಮ್ಮಂದಿರಿಗೆ ಸಮುದ್ರ ಕಂಡ ಕೂಡಲೇ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಒಬ್ಬರು ಫೋಟೊ ತೆಗೆಯುತ್ತಾರೆ, ಇನ್ನೊಬ್ಬರು ತೆಗೆಸಿಕೊಳ್ಳುತ್ತಾರೆ, ಅಷ್ಟರಲ್ಲಿ ಮಗು ಮಾಯ. ಹಾಗೆ ಮಾಯವಾದ ಮಕ್ಕಳೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ನಮ್ಮ ದೊಡ್ಡಮ್ಮನ ಗೂಡಿಗೆ. ಮರಳಿನ ಮೇಲೆ ಕಂಬ ನೆಟ್ಟು ಕಟ್ಟಿದ, ಹಳದಿ ಬಣ್ಣದ ಹಲಗೆಯ ಕೋಣೆ ಅದು. ಒಳಗೆ ಒಂದು ಗಿಡ್ಡ ಬೆಂಚು, ಬಿಸ್ಕತ್ತಿನ ಡಬ್ಬಿ, ಜೋಡಿ ತಪ್ಪಿದ ಚಪ್ಪಲಿಗಳ ಚೀಲ, ಕರವಸ್ತ್ರ ಸುತ್ತಿದ ಒಂದು ಮೈಕು. ಆ ಮೈಕಿನ ಮಾತು ತೀರದುದ್ದಕ್ಕೂ ಕಂಬಕ್ಕೆ ಕಟ್ಟಿದ ಸ್ಪೀಕರುಗಳಲ್ಲಿ ದೋಣಿಕಟ್ಟೆಯವರೆಗೂ ಕೇಳುತ್ತದೆ. ನನ್ನ ಮದುವೆಗೂ ಮುಂಚಿನಿಂದ ಅಲ್ಲಿ ಕೂತಿದ್ದಾಳೆ, ಹಾಗಾಗಿ ಊರಿಗೆಲ್ಲ ಅವಳು ಮೈಕಮ್ಮ.

ಅವಳ ಕೆಲಸದ ರೀತಿಯೇ ಬೇರೆ. ಬೇರೆಯವರಾದರೆ ಮಗುವಿಗೆ ಮೊದಲು ಹೆಸರು ಕೇಳುತ್ತಾರೆ, ಮಗು ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ. ದೊಡ್ಡಮ್ಮ ಹೆಸರಿನ ಸುದ್ದಿಗೇ ಹೋಗುತ್ತಿರಲಿಲ್ಲ. ಕೈಗೊಂದು ಬಿಸ್ಕತ್ತು ಕೊಟ್ಟು, "ಇವತ್ತು ಏನೇನು ನೋಡಿದೆ ಮರಿ?" ಅನ್ನುತ್ತಿದ್ದಳು. "ಮೀಸೆ ಇರೋ ಮೀನು" ಅಂದರೆ ಬೆಳಿಗ್ಗೆ ಅಕ್ವೇರಿಯಮ್ಮಿಗೆ ಹೋಗಿದ್ದಾರೆ. "ಹಗ್ಗದ ಮೇಲೆ ನಡೆಯೋ ಮಾಮ" ಅಂದರೆ ಆಮೇಲೆ ಗಡಿಯಾರದ ಗೋಪುರದ ಹತ್ತಿರ ನಿಂತಿದ್ದಾರೆ. "ಚಡ್ಡಿ ಒದ್ದೆ ಆಯ್ತು, ಅಮ್ಮ ಬೈದಳು" ಅಂದರೆ ಬಾತುಕೋಳಿ ದೋಣಿ ಹತ್ತಿದ್ದಾರೆ, ಅದರಲ್ಲೂ ತೂತಿರುವ ನೀಲಿ ದೋಣಿ. ಅಲ್ಲಿಂದ ಇಳಿದವರು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಅವಳಿಗೆ ಅಂಗೈ ರೇಖೆಯಷ್ಟು ಗೊತ್ತು. ಮೈಕು ಹಿಡಿದು, "ಬೆಳಿಗ್ಗೆ ಮೀನು ನೋಡಿ, ನೀಲಿ ದೋಣಿ ಹತ್ತಿ, ಈಗ ಐಸ್‌ಕ್ರೀಂ ಗಾಡಿ ಹತ್ತಿರ ನಿಂತು ಒಬ್ಬರ ಮೇಲೊಬ್ಬರು ತಪ್ಪು ಹಾಕ್ತಾ ಇರೋ ಅಪ್ಪ ಅಮ್ಮ, ಇಲ್ಲಿ ಕೇಳಿ. ನಿಮ್ಮ ಹುಡುಗಿ ನನ್ನ ಹತ್ತಿರ ಇದ್ದಾಳೆ" ಅನ್ನುತ್ತಿದ್ದಳು. ಅವರು ಬೆವರು ಒರೆಸಿಕೊಳ್ಳುತ್ತಾ ಓಡಿ ಬರುತ್ತಿದ್ದರು. ಗೂಡಿನೊಳಗೆ ಮಗುವನ್ನು ಯಾರೂ ಗದರುವಂತಿರಲಿಲ್ಲ. "ಬೈಯೋದಾದ್ರೆ ನಿಮ್ಮನ್ನ ನೀವು ಬೈಕೊಳ್ಳಿ, ಕಳ್ಕೊಂಡೋರು ನೀವು" ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು.

ಇನ್ನು ದೊಡ್ಡಪ್ಪ. ಹೋಟೆಲಿನವರ ಹರಿದ ಛತ್ರಿಗಳನ್ನು ಹೊಲಿದುಕೊಡುವುದು ಅವರ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಪಟ್ಟೆಪಟ್ಟೆ ಬಟ್ಟೆಯ ರಾಶಿ, ನಡುವೆ ಮಿಷನ್ನು, ಮಿಷನ್ನಿನ ಹಿಂದೆ ಅವರ ಬೋಳುತಲೆ. ಮಾತು ಕಮ್ಮಿ. ಅವರಿಗಿದ್ದದ್ದು ಒಂದೇ ಆಸೆ, ಹೆಂಡತಿಯ ಜೊತೆ ದೋಣಿಯಲ್ಲಿ ದ್ವೀಪಕ್ಕೆ ಹೋಗಿಬರಬೇಕು. ಊರಿಗೆ ಬಂದವರೆಲ್ಲ ಹೋಗುತ್ತಾರೆ, ಊರಲ್ಲೇ ಇರುವವರು ಹೋಗಿಲ್ಲ. ಸೀಸನ್ ಇರುವಾಗ ದೊಡ್ಡಮ್ಮ ಗೂಡು ಬಿಟ್ಟು ಕದಲುವುದಿಲ್ಲ, ಸೀಸನ್ ಮುಗಿದರೆ ಸಮುದ್ರ ಕೆಡುತ್ತದೆ, ದೋಣಿಗಳನ್ನು ದಡಕ್ಕೆ ಎಳೆದು ಹಾಕುತ್ತಾರೆ. ಪ್ರತಿ ವರ್ಷವೂ "ಮುಂದಿನ ಸಲ ನೋಡೋಣ ರೀ" ಅನ್ನುವುದರಲ್ಲೇ ಇಬ್ಬರಿಗೂ ವಯಸ್ಸಾಯಿತು.

ಈ ಸಲ ಸೀಸನ್ನಿನ ಕೊನೆಯಲ್ಲಿ ದೊಡ್ಡಪ್ಪ ನಾನು ಟಿಕೆಟು ಕೊಡುವ ಅಕ್ವೇರಿಯಮ್ಮಿನ ಕಿಟಕಿಗೆ ಬಂದು ನಿಂತರು.

"ನಾಳೆ ತೊಟ್ಟಿ ತೊಳೀತಾರೆ, ನಿನಗೆ ರಜ ಅಲ್ವಾ? ಒಂದು ದಿನ ಗೂಡಲ್ಲಿ ಕೂರ್ತೀಯಾ? ನಾಳೇದೇ ಕೊನೇ ದೋಣಿ."

"ದೊಡ್ಡಮ್ಮ ಒಪ್ಪಬೇಕಲ್ಲ?"

"ಒಪ್ಪಿಸು. ಈ ವರ್ಷನೂ ಆಗ್ಲಿಲ್ಲ ಅಂದ್ರೆ ನಾನು ಇನ್ಯಾವತ್ತೂ ಕೇಳಲ್ಲ."

ಆ ಮಾತು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಕಸಿವಿಸಿಯಾಯಿತು. ನನಗಾದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಂಜೆಯೇ ಹೋಗಿ ದೊಡ್ಡಮ್ಮನಿಗೆ, "ಊರ ಮಕ್ಕಳನ್ನೆಲ್ಲ ಉದ್ಧಾರ ಮಾಡಿದ್ದು ಸಾಕು, ನಾಳೆ ಸುಮ್ಮನೆ ಗಂಡನ ಜೊತೆ ಹೋಗಿ ಬಾ" ಅಂತ ಜೋರು ಮಾಡಿದೆ. ಬಿಸ್ಕತ್ತು ಎಲ್ಲಿದೆ, ಮೈಕು ಎಷ್ಟು ದೂರ ಹಿಡಿಯಬೇಕು ಅಂತ ಹೇಳಿದ್ದನ್ನೇ ಹೇಳಿ ನನ್ನ ತಲೆ ತಿಂದು, ಕೊನೆಗೂ ಒಪ್ಪಿದಳು.

ಮಾರನೆಯ ದಿನ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮದುವೆಯ ಗಂಡಿನ ಹಾಗೆ ಹೊರಟರು. ರಜೆ ಅಂದರೆ ರಜೆ ಅಂತ ಇಬ್ಬರ ಮೊಬೈಲನ್ನೂ ಮನೆಯಲ್ಲಿಟ್ಟು ಬೀಗ ಹಾಕಿದರು. ಮಧ್ಯಾಹ್ನದ ದೋಣಿಗೆ ಇನ್ನೂ ಹೊತ್ತಿತ್ತು, ತೀರದಲ್ಲಿ ಸುತ್ತಾಡಿಕೊಂಡು ಹೋಗೋಣ ಅಂದುಕೊಂಡರಂತೆ. ಮುಂದಿನದ್ದನ್ನು ಅವರಿಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ, ಎರಡೂ ಒಂದೇ ಥರ ಇತ್ತು.

ಸ್ವಲ್ಪ ದೂರ ಹೋಗುವುದರೊಳಗೆ ದೊಡ್ಡಮ್ಮನ ಕಣ್ಣಿಗೆ ಒಂದು ಪುಟ್ಟ ಹುಡುಗಿ ಬಿದ್ದಳು. ಮರಳುಗುಡ್ಡೆಯ ಪಕ್ಕ ಒಬ್ಬಳೇ ಕೂತಿದ್ದಾಳೆ, ಅತ್ತ ಇತ್ತ ಯಾರೂ ಇಲ್ಲ. ದೊಡ್ಡಮ್ಮ ಹಿಂದೆ ಮುಂದೆ ನೋಡದೆ ಎತ್ತಿ ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟಳು. ಹಿಂದಿನಿಂದ ಮರಳುಗುಡ್ಡೆ ಕೂಗಿಕೊಂಡಿತು. ಹುಡುಗಿಯ ಅಪ್ಪ ಅದರೊಳಗೇ ಇದ್ದ. ಮಗಳು ಅವನನ್ನು ಕುತ್ತಿಗೆಯವರೆಗೂ ಹೂತು, ಮುಖದ ಮೇಲೆ ಟೋಪಿ ಇಟ್ಟಿದ್ದಳು. ಪಾಪ, ಕೈಕಾಲು ಆಡಿಸಲು ಆಗದೆ "ನನ್ನ ಮಗು, ನನ್ನ ಮಗು" ಅಂತ ಬಾಯಿ ಬಡಿದುಕೊಳ್ಳುತ್ತಿದ್ದಾನೆ, ಜನ ಸೇರಿದ್ದಾರೆ. ದೊಡ್ಡಪ್ಪ ಇಸ್ತ್ರಿ ಅಂಗಿಯಲ್ಲೇ ಮಂಡಿಯೂರಿ ಅವನನ್ನು ಅಗೆದು ತೆಗೆದು, ಕೈಮುಗಿದು, ಹೆಂಡತಿಯ ಕೆಲಸದ ಬಗ್ಗೆ ವಿವರಿಸಬೇಕಾಯಿತು.

"ಇವತ್ತು ಯಾವ ಮಗೂನೂ ಮುಟ್ಟಲ್ಲ" ಅಂತ ದೊಡ್ಡಮ್ಮ ಕಿವಿ ಹಿಡಿದುಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ನಡೆಯಿತು. ತಿರುಗುವ ಕುದುರೆಯ ಮೇಲೆ ಅಕ್ಕಪಕ್ಕ ಕೂತರು. ಹಗ್ಗದ ಮೇಲೆ ನಡೆಯುವವನನ್ನು ಕತ್ತೆತ್ತಿ ನೋಡಿದರು. ದೊಡ್ಡಪ್ಪ ಅವಳಿಗೊಂದು ಹುಲ್ಲಿನ ಟೋಪಿ ಕೊಡಿಸಿದರು, ಅದು ಗಾಳಿಗೆ ಹಾರಿ ಇಬ್ಬರೂ ಅಟ್ಟಿಸಿಕೊಂಡು ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ದೋಣಿಕಟ್ಟೆಗೆ ಬಂದು ದೋಣಿ ಹತ್ತುವವರ ಸಾಲಿನಲ್ಲಿ ನಿಂತಾಗ ಎದುರಿಗೇ ಒಬ್ಬ ಹುಡುಗ ಬಿಕ್ಕಳಿಸುತ್ತಿದ್ದ. ಈ ಸಲ ನಿಜವಾಗಿಯೂ ಕಳೆದುಹೋದವನೇ. ದೊಡ್ಡಮ್ಮ ಗಂಡನ ಮುಖ ನೋಡಿದಳು, ಹುಡುಗನ ಮುಖ ನೋಡಿದಳು. "ಇಲ್ಲೇ ನಿಂತಿರಿ, ಈಗ ಬಂದೆ." ಅವನು ತಿರುಗುವ ಕುದುರೆಯ ಸುದ್ದಿ ಹೇಳಿದನಂತೆ, ದೊಡ್ಡಮ್ಮ ಅವನನ್ನು ಗೂಡಿಗೂ ತರದೆ ನೇರವಾಗಿ ಆ ಕುದುರೆಗಳಿರುವ ತೀರದ ಕೊನೆಗೆ ಕರೆದುಕೊಂಡು ಹೋದಳು.

ನಾನು ಗೂಡಿನಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನೋಡಿದರೆ ದೊಡ್ಡಪ್ಪ. ಕೈಯಲ್ಲಿ ಎರಡು ಟಿಕೆಟು, ಅಂಗಿಯೆಲ್ಲ ಮರಳು. ನೇರವಾಗಿ ಹೋಗಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತರು.

"ಏನಾಯ್ತು ದೊಡ್ಡಪ್ಪ? ದೋಣಿ?"

"ಹತ್ತಿಸಿಕೊಳ್ತಾ ಇದಾರೆ. ನಾನು ಕಳೆದುಹೋಗಿದೀನಿ. ಮೈಕಲ್ಲಿ ಹೇಳು."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಾನು ಮೈಕು ತೆಗೆದುಕೊಂಡು, "ಒಬ್ಬರು ಗಂಡಸು ಕಳೆದುಹೋಗಿ ಗೂಡಿಗೆ ಬಂದಿದ್ದಾರೆ. ಬಿಳಿ ಅಂಗಿ, ಬೋಳುತಲೆ, ಕೈಯಲ್ಲಿ ದ್ವೀಪದ ಎರಡು ಟಿಕೆಟು. ಸಂಬಂಧಪಟ್ಟವರು ತಕ್ಷಣ ಬಂದು ಕರಕೊಂಡು ಹೋಗಬೇಕು" ಅಂದೆ. ತೀರಕ್ಕೆ ತೀರವೇ ಗೊಳ್ಳೆಂದಿತು.

ದೊಡ್ಡಮ್ಮ ಆಗಷ್ಟೇ ಹುಡುಗನನ್ನು ಅವನ ಅಜ್ಜಿಗೆ ಒಪ್ಪಿಸಿದ್ದಳಂತೆ. ಅಷ್ಟು ವರ್ಷ ಒಳಗೆ ಕೂತು ಹೇಳಿದವಳು, ಹೊರಗೆ ನಿಂತು ತನ್ನವರ ಸುದ್ದಿ ಕೇಳಿದ್ದು ಅದೇ ಮೊದಲು. ಚಪ್ಪಲಿ ಕೈಯಲ್ಲಿ ಹಿಡಿದು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು.

"ಏನಾಯ್ತು ರೀ? ಎದೆ ನೋವಾ? ತಲೆ ಸುತ್ತು ಬಂತಾ?"

"ಏನೂ ಆಗಿಲ್ಲ" ಅಂದರು ದೊಡ್ಡಪ್ಪ. ತಲೆ ಎತ್ತದೆ ಟಿಕೆಟು ನೋಡುತ್ತಲೇ ಹೇಳಿದರು, "ಕಳೆದುಹೋದೋರಿಗೆಲ್ಲ ನೀನು ಓಡ್ತೀಯ. ನಾನು ಯಾವಾಗ್ಲೂ ಮನೇಲೇ ಸಿಗ್ತಿದ್ದೆ ನೋಡು, ಅದಕ್ಕೆ ನನ್ನ ಯಾರೂ ಹುಡುಕಲಿಲ್ಲ. ಒಂದು ಸಲ ಕಳೆದುಹೋಗಿ ನೋಡೋಣ ಅನ್ನಿಸ್ತು."

ದೊಡ್ಡಮ್ಮನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ದೋಣಿಯ ಹಾರ್ನ್ ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ ದೋಣಿ ಕಟ್ಟೆ ಬಿಟ್ಟಾಗಿದೆ. ದೊಡ್ಡಪ್ಪ ಟಿಕೆಟುಗಳನ್ನು ಮಡಚಿ ಜೇಬಿಗಿಟ್ಟುಕೊಂಡರು.

ದೊಡ್ಡಮ್ಮ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. "ದ್ವೀಪದ ದೋಣಿಯವರೇ, ಸ್ವಲ್ಪ ನಿಲ್ಸಿ. ನಾನು ಮೈಕಮ್ಮ ಮಾತಾಡ್ತಿರೋದು. ಇಲ್ಲಿ ಕಳೆದುಹೋದೋರು ನಮ್ಮ ಯಜಮಾನರು. ಕಳ್ಕೊಂಡೋಳು ನಾನು. ತಪ್ಪು ನಂದೇ. ದೋಣಿ ತಿರುಗ್ಸಿ, ಕರಕೊಂಡು ಬರ್ತಾ ಇದೀನಿ."

ತೀರದಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ದೋಣಿ ಎರಡು ಸಲ ಹಾರ್ನ್ ಹೊಡೆದು ನಿಧಾನಕ್ಕೆ ಮೂತಿ ತಿರುಗಿಸಿತು.

ದೊಡ್ಡಮ್ಮ ಗಂಡನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಮೆಟ್ಟಿಲಿಳಿಸಿದಳು. ಬೀದಿಯಲ್ಲಿ ಅವರು ಕೈಹಿಡಿದು ನಡೆದದ್ದನ್ನು ನಾನಂತೂ ಕಂಡಿರಲಿಲ್ಲ. "ನಿಧಾನ ಕಣೇ, ಬೀಳ್ತೀನಿ" ಅಂತ ದೊಡ್ಡಪ್ಪ, "ಬಿಟ್ಟರೆ ಎಲ್ಲಿಗೆ ಹೋಗ್ತೀರೋ ಯಾರಿಗೆ ಗೊತ್ತು" ಅಂತ ಅವಳು. ಜನ ಸರಿದು ದಾರಿ ಬಿಟ್ಟರು.

ಅರ್ಧ ದಾರಿ ಹೋಗಿರಬೇಕು, ಐಸ್‌ಕ್ರೀಂ ಗಾಡಿಯ ಹಿಂದೆ ಒಂದು ಮಗು ಒಬ್ಬಂಟಿ ನಿಂತು "ಅಮ್ಮಾ" ಅಂತ ಅಳಲು ಶುರು ಮಾಡಿತು. ದೊಡ್ಡಮ್ಮನ ಹೆಜ್ಜೆ ತಡವರಿಸಿದ್ದು ನನಗೆ ಇಲ್ಲಿಗೇ ಕಾಣಿಸಿತು. ತಿರುಗಿ ಗೂಡಿನ ಕಿಟಕಿಯತ್ತ ನೋಡಿ, ಗದ್ದದಿಂದಲೇ ಆ ಮಗುವನ್ನು ನನಗೆ ತೋರಿಸಿದಳು. ಆಮೇಲೆ ಗಂಡನ ಕೈ ಬಿಡದೆ ದೋಣಿಕಟ್ಟೆಯ ಕಡೆ ನಡೆದುಬಿಟ್ಟಳು. ನಾನು ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದೆ.